ಹಾಜರಿ ಹೊತ್ತಲ್ಲಿ ಮಾತಾಡಿದವರು

ಕಾಮಿಡಿ ಶೋ ನಡುವೆ ಎದ್ದು ಕೂಗುವವರನ್ನು ಹೇಗೆ ಸಂಭಾಳಿಸುತ್ತೀಯ ಎಂದು ಕೇಳುತ್ತಾರೆ. ನಾನು ಅದನ್ನು ಕಲಿತದ್ದು ಹೆತ್ತೂರು ಕಡೆಯ ಕಾಫಿ ಎಸ್ಟೇಟಿನಲ್ಲಿ, ಸ್ಟೋರ್ ಮುಂದಿನ ಅಂಗಳದಲ್ಲಿ. ಬೆಳಿಗ್ಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹಾಜರಿ ಪುಸ್ತಕ ಬಿಡಿಸಿದರೆ ಆಳುಗಳು ಕೈಕಟ್ಟಿ ನಿಲ್ಲಬೇಕು. ಹೆಸರು ಕರೆಯುತ್ತಿರಲಿಲ್ಲ, ಆಳುಗಳು ಸಾಲಾಗಿ ವಾಸವಿದ್ದ ಲೈನ್ ಮನೆಯ ನಂಬರ್ ಕರೆಯುತ್ತಿದ್ದರು. "ಮೂರನೇ ಮನೆ" ಅಂದರೆ ನನ್ನವ್ವ. ಅವಳು ತಲೆ ಎತ್ತದೆ "ಬಂದಿವ್ನಿ ಸ್ವಾಮಿ" ಅನ್ನಬೇಕು. ನಡುವೆ ಯಾರಾದರೂ ಪಿಸುಗುಟ್ಟಿದರೆ ಅವತ್ತು ಅವರಿಗೆ ಜಿಗಣೆ ತುಂಬಿದ ಹಳ್ಳದ ಬದಿಯಲ್ಲಿ ಕಳೆ ತೆಗೆಯುವ ಕೆಲಸ.

ಹೋದ ವರ್ಷ ಸಕಲೇಶಪುರದ ಕಲ್ಯಾಣ ಮಂಟಪವೊಂದರಲ್ಲಿ ಭಾನುವಾರ ಮಧ್ಯಾಹ್ನ ನನ್ನ ಕಾಮಿಡಿ ಶೋ ಇತ್ತು. ಮುಂದಿನ ಸಾಲಿನಲ್ಲಿ ಎಸ್ಟೇಟ್ ಮಾಲೀಕರು. ಹಠ ಮಾಡಿ ಅವ್ವನನ್ನೂ ಅದೇ ಸಾಲಿನಲ್ಲಿ ಕೂರಿಸಿದ್ದೆ. ಆ ಮಂಟಪಕ್ಕೆ ಅವಳು ಮದುವೆಗಳಲ್ಲಿ ಪಾತ್ರೆ ತೊಳೆಯಲು ಹಿಂಬಾಗಿಲಿಂದ ಬಂದವಳು. "ಯಾರಾದ್ರೂ ಏನಾದ್ರೂ ಅಂದ್ರೆ ಎದ್ದು ಹೋಗ್ಬುಡ್ತೀನಿ ಕಣವ್ವ" ಅಂದಿದ್ದಳು. ಜನ ನಗದಿದ್ದರೂ ಚಿಂತೆಯಿಲ್ಲ, ಅವಳು ಎದ್ದು ಹೋಗದಿದ್ದರೆ ಸಾಕು ಎಂದುಕೊಂಡೇ ಮೈಕ್ ಹಿಡಿದೆ.

ಹತ್ತು ನಿಮಿಷ ಆಗಿರಲಿಲ್ಲ. ಅವ್ವ ದುಡಿದ ಎಸ್ಟೇಟಿನ ಮಾಲೀಕರೇ ಕಾಲ ಮೇಲೆ ಕಾಲು ಹಾಕಿಕೊಂಡು ಕೂಗಿದರು: "ನಿಮ್ಮವ್ವನ್ನ ಇಲ್ಯಾಕ್ ಕೂರ್ಸಿದ್ದೀಯಮ್ಮಿ? ಹಿಂದ್ಗಡೆ ಪಾತ್ರೆ ಹಂಗೇ ಬಿದ್ದವೆ!"

ಮುಂದಿನ ಸಾಲು ಗೊಳ್ಳೆಂದು ನಕ್ಕಿತು. ಅವ್ವ ಸೆರಗು ಹೊದ್ದುಕೊಂಡು ಎದ್ದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಬರೆದು ತಂದ ಜೋಕುಗಳು ಹಾಳಾಗಿ ಹೋಗಲಿ! ಕೈಯಲ್ಲಿದ್ದ ಹಾಳೆಯನ್ನೇ ಹಾಜರಿ ಪುಸ್ತಕ ಮಾಡಿಕೊಂಡು, ರೈಟರ್ ದನಿಯಲ್ಲೇ ಗದರಿದೆ: "ಹಾಜರಿ ಹೊತ್ತಲ್ಲಿ ಮಾತಾಡಿದ್ದು ಯಾರ್ರೀ ಅದು? ಬಂಗ್ಲೆ ಮನೆ! ಎದ್ ನಿಂತ್ಕಂಡು 'ಬಂದಿವ್ನಿ' ಅನ್ನಿ. ಇವತ್ತು ನಿಮ್ಗೆ ಜಿಗಣೆ ಹಳ್ಳ!"

ಹಿಂದಿನ ಸಾಲುಗಳಲ್ಲಿ ಲೈನ್ ಹೆಂಗಸರು, ಜೀಪ್ ಡ್ರೈವರುಗಳು ಇದ್ದರು. ಆ ಅಂಗಳದಲ್ಲಿ ನಿಂತವರೇ ಎಲ್ಲ. ಶಿಳ್ಳೆಗೆ ಮಂಟಪ ಹಾರಿಹೋಗುವಂತಾಯಿತು.

"ತಮಾಷೆಗಂದೆ ಮಾರಾಯ್ತಿ" ಎಂದು ಮಾಲೀಕರು ತಡವರಿಸಿದರು.

"ನಾನೂ ತಮಾಷೆಗೇ ಸ್ವಾಮಿ. ಏಳಿ."

ಅವರು ಏಳಲಿಲ್ಲ. ಆದರೆ ಕಾಲ ಮೇಲಿದ್ದ ಕಾಲು ಕೆಳಗಿಳಿಯಿತು.

ಅವ್ವ ಇನ್ನೂ ನಿಂತೇ ಇದ್ದಳು, ಕಣ್ಣು ಬಾಗಿಲ ಕಡೆ. "ಮೂರನೇ ಮನೆ" ಎನ್ನಲು ಹೊರಟ ನಾಲಿಗೆಯನ್ನು ತಡೆದೆ. ಅವಳ ಹೆಸರು ಹಿಡಿದು ಕರೆದೆ, ಇಡೀ ಮಂಟಪಕ್ಕೆ ಕೇಳುವಂತೆ. ನನ್ನ ಬಾಯಲ್ಲಿ ಆ ಹೆಸರು ಅದೇ ಮೊದಲು.

ಅವ್ವ ನನ್ನನ್ನು ನೋಡಿದಳು, ಮಾಲೀಕರನ್ನು ನೋಡಿದಳು. ಆಮೇಲೆ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆಳೆದುಕೊಂಡು ಗಟ್ಟಿ ದನಿಯಲ್ಲಿ ಅಂದಳು:

"ಕೂತಿವ್ನಿ. ನೀನು ಮುಂದುಕ್ ಹೇಳು."