ಆರು ಗಂಟೆಗೆ ಬರುತ್ತಿದ್ದ ತೆಯೋಫಿಲ್

ಝಾಬಿನಾ ಊರಿನ ತೆಯೋಫಿಲ್ ದ್ರೊಂಗ್ ತನ್ನ ಜೀವಮಾನದಲ್ಲಿ ತಡವಾಗಿ ಹೋದದ್ದು ಒಂದೇ ಸಲ. ಅದೂ ನಿಜವಾದ ತಡವಲ್ಲ, ತಾನೇ ಕೈಯಾರೆ ಮಾಡಿಕೊಂಡದ್ದು. ಆ ಒಂದು ಸಲಕ್ಕೆ ಊರಿನವರು ಅವನ ಹೆಂಡತಿಯನ್ನು ಬಾಯಲ್ಲೇ ಸಾಯಿಸಿಬಿಟ್ಟರು.

ಮೂವತ್ತನಾಲ್ಕು ವರ್ಷ ಅವನು ರೈಲ್ವೆ ಗೇಟು ಕಾದವನು. ಗೇಟು ಹಾಕುವುದು, ಗೇಟು ತೆಗೆಯುವುದು, ನಡುವೆ ಎಲೆಕೋಸಿನ ಪಾತಿಗೆ ನೀರು ಹನಿಸುವುದು. ಮೊದಮೊದಲು ದಿನಕ್ಕೆ ಹದಿನಾಲ್ಕು ರೈಲು ಹೋಗುತ್ತಿದ್ದವು, ಆಮೇಲೆ ಆರು, ಕೊನೆಕೊನೆಗೆ ಬೆಳಿಗ್ಗೆ ಒಂದು. ಅದರಲ್ಲೂ ಎಷ್ಟೋ ದಿನ ಡ್ರೈವರನ ಹೊರತು ಇನ್ನೊಂದು ನರಪಿಳ್ಳೆ ಇರುತ್ತಿರಲಿಲ್ಲ. ಲೈನು ಮುಚ್ಚಿದ ಮೇಲೂ ಕೆಲಸ ಮುಗಿಯಿತೆಂಬ ಕಾಗದ ಬರಲು ಒಂಬತ್ತು ವಾರ ಹಿಡಿಯಿತು. ಆ ಒಂಬತ್ತು ವಾರವೂ ತೆಯೋಫಿಲ್ ಏಳು ಹನ್ನೆರಡಕ್ಕೆ ಸರಿಯಾಗಿ ಗೇಟು ಹಾಕಿ, ಬಾರದ ರೈಲಿಗೆ ಹಸಿರು ಬಾವುಟ ತೋರಿಸಿ, ಏಳು ಹದಿನೇಳಕ್ಕೆ ತೆಗೆಯುತ್ತಿದ್ದ. ಹಾಲಿನ ಕ್ಯಾನು ಹೇರಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತು ಕಾಯುತ್ತಿದ್ದವು. ಬೈದವರು ಬೇಕಾದಷ್ಟು ಜನ, ಗೇಟು ದಾಟಿ ಹೋದವರು ಒಬ್ಬರೂ ಇಲ್ಲ.

ಆಮೇಲೆ ಹಳಿಗಳನ್ನು ಕಿತ್ತುಕೊಂಡು ಹೋದರು. ಗೇಟಿನ ಪಕ್ಕದ ಇಟ್ಟಿಗೆ ಮನೆಯಲ್ಲಿ ತೆಯೋಫಿಲನೂ ಅವನ ಹೆಂಡತಿ ಓತಿಲಿಯಾಳೂ ಉಳಿದರು. ಆ ಮನೆ ಝಾಬಿನಾದ್ದೇ, ಚರ್ಚು ಝಾಬಿನಾದ್ದೇ, ವೋಟು ಝಾಬಿನಾದ್ದೇ. ಆದರೆ ಊರು ಮುಗಿಯಿತು ಎಂದು ಹೇಳುವ ಬೋರ್ಡು, ಊರಿನ ಹೆಸರಿನ ಮೇಲೆ ಕೆಂಪು ಗೀಟು ಎಳೆದದ್ದು, ಅವರ ಮನೆಗಿಂತ ನಾನೂರು ಹೆಜ್ಜೆ ಮೊದಲೇ ನಿಂತಿತ್ತು. ಯಾವ ಪುಣ್ಯಾತ್ಮ ಅಲ್ಲಿ ನೆಟ್ಟನೋ ಯಾರಿಗೂ ಗೊತ್ತಿಲ್ಲ. ಬೀದಿದೀಪ ಬೋರ್ಡಿನ ಹತ್ತಿರ ಮುಗಿಯುತ್ತಿತ್ತು. ಡಾಂಬರು ಅಲ್ಲಿಗೇ ಮುಗಿಯುತ್ತಿತ್ತು. ಚಳಿಗಾಲದಲ್ಲಿ ಹಿಮ ತಳ್ಳುವ ಗಾಡಿ ಅಲ್ಲಿಯವರೆಗೆ ಬಂದು, ಬೋರ್ಡಿಗೆ ಒಂದು ಪ್ರದಕ್ಷಿಣೆ ಹಾಕಿ ತಿರುಗಿ ಹೋಗುತ್ತಿತ್ತು.

ಓತಿಲಿಯಾಳ ಮೂತ್ರಪಿಂಡಗಳು ಕೈಕೊಟ್ಟ ಮೇಲೆ ಈ ಬೋರ್ಡು ಅವರ ಪಾಲಿಗೆ ಶನಿಯಾಯಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಆಸ್ಪತ್ರೆಯ ವ್ಯಾನು ಕರೆದುಕೊಂಡು ಹೋಗಿ ಸಂಜೆ ಆರೂವರೆಗೆ ತಂದು ಬಿಡುತ್ತಿತ್ತು. ವ್ಯಾನಿನವನ ಕಾಗದದಲ್ಲಿ ಊರಿನ ಗಡಿಯವರೆಗೆ ಎಂದು ಇತ್ತು. ಅವನು ಒಂದು ಗೇಣೂ ಮುಂದೆ ಹೋಗುವ ಪೈಕಿಯಲ್ಲ. ಮೈಯ ಸತ್ವವೆಲ್ಲ ಬಸಿದುಹೋದಂತಾದ ಹೆಂಗಸು ಕೆಸರಿನಲ್ಲಿ, ಹಿಮದಲ್ಲಿ, ಗಂಡನ ತೋಳು ಹಿಡಿದು ಆ ನಾನೂರು ಹೆಜ್ಜೆ ನಡೆಯಬೇಕು. ಹಿಂದಿನ ಚಳಿಗಾಲದಲ್ಲಿ ಎರಡು ಸಲ ಬಿದ್ದಿದ್ದಳು. ಇನ್ನೊಂದು ಚಳಿಗಾಲ ಇವಳಿಂದ ಆಗದು ಎಂದು ತೆಯೋಫಿಲನಿಗೆ ಖಾತ್ರಿಯಾಗಿತ್ತು.

ಹಾಗಾದರೆ ಬೋರ್ಡನ್ನು ಆಚೆ ಸರಿಸಬಾರದೇ ಎಂದು ನೀವು ಕೇಳಬಹುದು. ತೆಯೋಫಿಲ್ ಕೂಡ ಅದನ್ನೇ ಕೇಳುತ್ತಿದ್ದ. ಏಳು ವರ್ಷದಿಂದ ಪ್ರತಿ ಸೆಪ್ಟೆಂಬರಿನ ಊರ ಸಭೆಯಲ್ಲಿ ಕೇಳುತ್ತಿದ್ದ.

ಆ ಸಭೆಯ ಕಥೆ ಸ್ವಲ್ಪ ಹೇಳಬೇಕು. ಝಾಬಿನಾ ಸೇರಿ ಹತ್ತೊಂಬತ್ತು ಹಳ್ಳಿಗಳಿಗೆ ಒಂದು ಗ್ಮೀನಾ, ಅಂದರೆ ಪಂಚಾಯಿತಿ. ಮುಂದಿನ ವರ್ಷ ನಿಮ್ಮೂರಿಗೆ ಏನು ಬೇಕು ಎಂದು ಗ್ಮೀನಾ ಪ್ರತಿ ಹಳ್ಳಿಯನ್ನೂ ಕೇಳುತ್ತದೆ. ಸೆಪ್ಟೆಂಬರ್ ಮುಗಿಯುವುದರೊಳಗೆ ಊರು ಸಭೆ ಸೇರಿ ಉತ್ತರ ಕೊಡಬೇಕು. ಊರಿನ ಮತದಾರರಲ್ಲಿ ಐದರಲ್ಲೊಂದು ಪಾಲು ಆರು ಗಂಟೆಗೆ ಬಂದಿದ್ದರೆ ಸಭೆ ಶುರು, ಅದು ಮೊದಲ ಹೊತ್ತು. ಬಾರದಿದ್ದರೆ ಆರೂಕಾಲಿಗೆ ಎರಡನೇ ಹೊತ್ತು. ಆಗ ಎಷ್ಟು ಜನ ಇದ್ದರೂ ಸರಿ, ಒಬ್ಬನೇ ಇದ್ದರೂ ಅವನ ತೀರ್ಮಾನ ಊರಿನ ತೀರ್ಮಾನ. ಇಷ್ಟು ಅನುಕೂಲ ಇರುವಾಗ ಆರು ಗಂಟೆಗೆ ಬರುವ ಪೆದ್ದ ಯಾರು? ಝಾಬಿನಾದಲ್ಲಿ ಮೊದಲ ಹೊತ್ತಿಗೆ ಸಭೆ ನಡೆದದ್ದನ್ನು ಕಂಡವರು ಈಗ ಯಾರೂ ಬದುಕಿಲ್ಲ. ಎಲ್ಲರೂ ಆರೂಕಾಲಿಗೇ ಬರುತ್ತಾರೆ, ಅದನ್ನೇ ಸಮಯಪಾಲನೆ ಅನ್ನುತ್ತಾರೆ.

ತೆಯೋಫಿಲ್ ಮಾತ್ರ ಆರಕ್ಕೆ ಬರುತ್ತಿದ್ದ. ನೋಟೀಸಿನಲ್ಲಿ ಆರು ಎಂದು ಬರೆದಿತ್ತಲ್ಲ. ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಮುಂದಿನ ಬೆಂಚಿನ ಮೇಲೆ ಕೂತು, ಮೇಜಿನ ಮೇಲೆ ತೆರೆದಿಟ್ಟ ನಡಾವಳಿ ಪುಸ್ತಕದಲ್ಲಿ ದುಂಡಗೆ ಬರೆಯುತ್ತಿದ್ದ: ಮೊದಲ ಹೊತ್ತು. ಹಾಜರು ಒಬ್ಬರು. ಮನವಿ: ಬೋರ್ಡನ್ನು ನಾನೂರು ಹೆಜ್ಜೆ ಆಚೆ ಸರಿಸುವುದು. ಪರ ಒಂದು, ವಿರೋಧ ಇಲ್ಲ. ಜನ ಸಾಲದ್ದರಿಂದ ಬಿದ್ದುಹೋಗಿದೆ. ಬರೆದು ಮುಗಿಸುವಷ್ಟರಲ್ಲಿ ಆರೂ ಹದಿನಾಲ್ಕು. ಹೆಂಡತಿಯ ವ್ಯಾನಿಗೆ ಎದುರಾಗಬೇಕಲ್ಲ, ಎದ್ದು ಹೊರಡುತ್ತಿದ್ದ. ಒಳಗೆ ಬರುತ್ತಿದ್ದವರಿಗೆ ಬಾಗಿಲಲ್ಲಿ ಟೋಪಿ ಎತ್ತಿ ಹೋಗುತ್ತಿದ್ದ. ಊರಿನ ಸೊವ್ತಿಸ್, ಅಂದರೆ ಮುಖ್ಯಸ್ಥೆ, ಇರ್ಮಿನಾ ಹಿಂದಿನ ಅಡುಗೆಕೋಣೆಯಿಂದ ಚಹಾದ ಹಂಡೆ ತಂದಿಟ್ಟು, ಪುಟ ತಿರುವಿ, ಎರಡನೇ ಹೊತ್ತು ಎಂದು ಹೊಸದಾಗಿ ಶುರು ಮಾಡುತ್ತಿದ್ದಳು. ಏನೂ ನಡೆಯದ ಹೊತ್ತಿನ ಪುಟವನ್ನು ಓದುವವರಾರು?

ಹೀಗೆ ಊರಿನವರು ಅವನನ್ನು ಯಾರ ಜೊತೆಗೂ ಕೂರದ ಬಿಗುಮಾನದವನು ಅಂದುಕೊಂಡರು. ಅವನು ಊರನ್ನು ಕಲ್ಲೆದೆಯದು ಅಂದುಕೊಂಡ. ನಮ್ಮ ಜನಕ್ಕೆ ಒಮ್ಮೆ ಅಂದುಕೊಂಡರೆ ಮುಗಿಯಿತು, ಕೇಳಿ ನೋಡುವ ಅಭ್ಯಾಸವೇ ಇಲ್ಲ. ಆ ಏಳು ವರ್ಷಗಳಲ್ಲಿ ಸಭಾಂಗಣಕ್ಕೆ ಹೊಸ ಒಲೆ ಬಂತು, ಬ್ಯಾಂಡಿನವರಿಗೆ ಗುಂಡಿಯ ಕೋಟು ಬಂತು, ಊರ ಹೆಸರೇ ಕಪ್ಪೆಯದ್ದಾದ್ದರಿಂದ ಊರ ಬಾಗಿಲಿಗೆ ಆಳೆತ್ತರದ ಮರದ ಕಪ್ಪೆ ಬಂತು. ಈ ವರ್ಷ ಕಪ್ಪೆಗೆ ಜೋಡಿಯಾಗಿ ಹೆಣ್ಣುಕಪ್ಪೆ ಮಾಡಿಸಬೇಕೆಂದು ಅಗ್ನಿಶಾಮಕ ದಳದ ಕ್ಸವೇರಿ ಹಟ ಹಿಡಿದಿದ್ದ.

ತೆಯೋಫಿಲ್ ತಿಂಗಳುಗಟ್ಟಲೆ ಯೋಚಿಸಿದ. ಎರಡನೇ ಹೊತ್ತಿನಲ್ಲಿ ಒಬ್ಬನೇ ಇದ್ದರೂ ಸಾಕು. ಅವನು ಒಬ್ಬನೇ ಇರುವುದು ಆರಕ್ಕೆ. ಆರು ಗಂಟೆಯೇ ಆರೂಕಾಲು ಆಗಿಬಿಟ್ಟರೆ? ಸಭೆಗೆ ಗೋಡೆ ಗಡಿಯಾರ ಹೇಳಿದ್ದೇ ಹೊತ್ತು. ಮೂವತ್ತನಾಲ್ಕು ವರ್ಷದಲ್ಲಿ ಒಂದು ನಿಮಿಷವನ್ನೂ ಸುಳ್ಳು ಮಾಡದವನು, ಸಭೆಯ ದಿನ ಮಧ್ಯಾಹ್ನ, ಹೂಕುಂಡದ ಹಿಂದೆ ಇಡುವ ಬೀಗದಕೈ ತೆಗೆದು ಸಭಾಂಗಣದೊಳಗೆ ಹೋದ. ಬೆಂಚು ಹತ್ತಿ ದೊಡ್ಡ ಮುಳ್ಳನ್ನು ಹದಿನೈದು ನಿಮಿಷ ಮುಂದೆ ತಳ್ಳಿದ. ಕೆಳಗಿಳಿದು ಬೆಂಚನ್ನು ಇದ್ದಲ್ಲಿಗೇ ಸರಿಸಿದ. ಮನೆಗೆ ಹೋಗಿ ಕೈ ತೊಳೆದುಕೊಂಡ, ಮತ್ತೆ ತೊಳೆದುಕೊಂಡ.

ಸಂಜೆ ಇರ್ಮಿನಾ ಅಡುಗೆಕೋಣೆಯಿಂದ ಇಣುಕಿದಳು. ಗಡಿಯಾರದಲ್ಲಿ ಆರು, ಮುಂದಿನ ಬೆಂಚು ಖಾಲಿ. ಅವಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಆರೂ ಐದಾಯಿತು, ಆರೂ ಹತ್ತಾಯಿತು. ಸರಿಯಾಗಿ ಆರೂಕಾಲಿಗೆ ಬಾಗಿಲು ತೆರೆದು ತೆಯೋಫಿಲ್ ಬಂದ. ಮುಖ ಸುಣ್ಣ ಬಳಿದಂತಿತ್ತು, ಹಣೆಯಲ್ಲಿ ಬೆವರು. ಎರಡನೇ ಹೊತ್ತು ಶುರು ಮಾಡಿ ಎಂದು ಹೇಳಬೇಕೆಂದುಕೊಂಡು ಬಂದವನ ನಾಲಗೆ ಅಂಟಿಕೊಂಡಿತು. ಬೆಂಚಿನ ಮೇಲೆ ಕುಸಿದು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ.

"ಪಾನ್ ತೆಯೋಫಿಲ್," ಎಂದಳು ಇರ್ಮಿನಾ; ಗಂಡಸಿಗೆ ಪಾನ್, ಹೆಂಗಸಿಗೆ ಪಾನಿ ಅನ್ನುವುದು ಆ ಕಡೆಯ ಮರ್ಯಾದೆ. "ನೀವು... ತಡವಾಗಿ ಬಂದ್ರಿ. ಪಾನಿ ಓತಿಲಿಯಾ?"

ಅವನು ತಲೆ ಅಲ್ಲಾಡಿಸಿದ. ಅದು ಹೌದೋ ಅಲ್ಲವೋ ದೇವರಿಗೇ ಗೊತ್ತು. ಇರ್ಮಿನಾಳಿಗೆ ಅಷ್ಟೇ ಸಾಕಾಯಿತು. ಭೂಮಿ ತಿರುಗುವುದು ನಿಂತರೂ ತಡ ಮಾಡದ ಮನುಷ್ಯ ಕಾಲು ಗಂಟೆ ತಡ ಮಾಡಿದ್ದಾನೆ ಎಂದರೆ ಇನ್ನೇನು ಉಳಿದೀತು? ಗೋಡೆಯ ಮೇಲಿದ್ದ ಸೈರನ್ನಿನ ಗುಂಡಿ ಒತ್ತಿಯೇಬಿಟ್ಟಳು.

ಸೈರನ್ ಕೂಗಿದರೆ ಝಾಬಿನಾದವರು ಎರಡನೇ ಹೊತ್ತಿಗೆ ಕಾಯುವುದಿಲ್ಲ. ಐದು ನಿಮಿಷದಲ್ಲಿ ಸಭಾಂಗಣ ಭರ್ತಿ. ಕ್ಸವೇರಿ ಹೆಲ್ಮೆಟ್ ಹಾಕಿಕೊಂಡೇ ಬಂದ. ಅಂಗಡಿಯ ಸಲೋಮೆಯಾ ಸುದ್ದಿ ಕಿವಿಗೆ ಬಿದ್ದೊಡನೆ ಓಡಿ, ಸಮಾಧಿಗೆ ಹಚ್ಚುವ ಗಾಜಿನ ದೀಪಗಳ ಎರಡು ಪೆಟ್ಟಿಗೆ ಹೊತ್ತು ತಂದಳು. ಯಾರೋ ತೆಯೋಫಿಲನ ಕೈಗೆ ವೋಡ್ಕಾ ಹಿಡಿಸಿದರು. ಅಷ್ಟು ಹೊತ್ತಿಗೆ ಅವನಿಗೆ ಮಾತು ಬಂತು.

"ಅವಳು ಸತ್ತಿಲ್ಲ," ಅಂದ.

"ಪಾಪ, ಏಟು ತಲೆಗೆ ಹೋಗಿದೆ," ಅಂದಳು ಸಲೋಮೆಯಾ. "ಇನ್ನೊಂದು ಗುಟುಕು ಕುಡಿಸಿ."

"ಆರೂವರೆ ವ್ಯಾನಿಗೆ ಬರ್ತಾಳೆ. ನಾನು ಎದುರು ಹೋಗಬೇಕು."

ಇದನ್ನು ಕೇಳಿ ಗಂಡಸರೂ ಕಣ್ಣೊರೆಸಿಕೊಂಡರು. "ಆಯ್ತು ಪಾನ್ ತೆಯೋಫಿಲ್, ಎಲ್ಲರೂ ಹೋಗೋಣ. ಬನ್ನಿ, ಕರ್ಕೊಂಡು ಬರೋಣ ಅವರನ್ನ," ಎಂದು ಕ್ಸವೇರಿ ಮಗುವನ್ನು ರಮಿಸುವಂತೆ ಅವನ ಹೆಗಲು ತಟ್ಟಿದ. ದೀಪ ಹಚ್ಚಿಕೊಂಡು ಊರಿಗೆ ಊರೇ ಹೊರಟಿತು. ನಡಾವಳಿ ಪುಸ್ತಕ ಕಂಕುಳಲ್ಲೇ ಇದೆಯೆಂಬ ಎಚ್ಚರವೂ ಇರ್ಮಿನಾಳಿಗೆ ಇರಲಿಲ್ಲ.

ಬೋರ್ಡಿನ ಹತ್ತಿರ ಬರುವಾಗ ಕತ್ತಲಾಗುತ್ತಿತ್ತು. ಅದೇ ಹೊತ್ತಿಗೆ ವ್ಯಾನು ಬಂದು ನಿಂತಿತು. ಬಾಗಿಲು ಸರಿಯಿತು. ಓತಿಲಿಯಾ ಒಂದು ಕಾಲು ಕೆಳಗಿಟ್ಟವಳು, ನಲವತ್ತು ಮಂದಿ ದೀಪ ಹಿಡಿದು ನಿಂತದ್ದನ್ನು ನೋಡಿ ಶಿಲುಬೆಯ ಗುರುತು ಮಾಡಿಕೊಂಡಳು.

"ಯಾರು ಹೋಗಿದ್ದು?" ಕೇಳಿದಳು.

ಕೆಲವರು ದೀಪವನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಕೊನೆಗೆ ಸಲೋಮೆಯಾ, ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, "ನೀವೇ, ಪಾನಿ ಓತಿಲಿಯಾ," ಅಂದಳು.

"ಹೌದಾ. ಬೆಳಿಗ್ಗೆ ಹೊರಟಾಗ ಇವರು ಏನೂ ಹೇಳಲಿಲ್ಲ." ಓತಿಲಿಯಾ ಗಂಡನತ್ತ ನೋಡಿದಳು. "ಕುಡಿದಿದ್ದೀಯಾ?"

"ಕುಡಿಸಿದ್ರು," ಅಂದ ತೆಯೋಫಿಲ್.

ಇರ್ಮಿನಾಳಿಗೆ ಈಗ ಸಿಟ್ಟು ನೆತ್ತಿಗೇರಿತು. "ಹಾಗಾದ್ರೆ ಯಾಕೆ ತಡವಾಗಿ ಬಂದ್ರಿ? ನನ್ನ ಜೀವ ಬಾಯಿಗೆ ಬಂದಿತ್ತು."

"ತಡವಾಗಿ ಬರಲಿಲ್ಲ. ಆರಕ್ಕೇ ಬಂದೆ. ಗಡಿಯಾರವನ್ನ ಮುಂದೆ ತಿರುಗಿಸಿದ್ದೆ." ಇಷ್ಟು ಹೇಳಿ ತೆಯೋಫಿಲ್ ಬಿಕ್ಕಿದ. ಓತಿಲಿಯಾ ಸತ್ತ ಸುದ್ದಿಗಿಂತ ಈ ಸುದ್ದಿಗೇ ಜನ ಹೆಚ್ಚು ದಂಗಾದರು. ಇಬ್ಬರು ಹೆಂಗಸರು ಇದನ್ನು ನಂಬಲೇ ಇಲ್ಲ. "ನಾನೊಬ್ಬನೇ ಇರುವಾಗ ವೋಟು ಹಾಕಿ ಮುಗಿಸೋಣ ಅಂತ. ಈ ಬೋರ್ಡು ಸರಿಸೋದಕ್ಕೆ. ನೀವು ಏಳು ವರ್ಷದಿಂದ ಆಗಲ್ಲ ಅಂದ್ರಲ್ಲ."

"ನಾವು ಯಾವಾಗ ಆಗಲ್ಲ ಅಂದ್ವಿ?" ಅಂದ ಕ್ಸವೇರಿ. "ಯಾವ ಬೋರ್ಡು?"

ಆಗ ಇರ್ಮಿನಾ ಕಂಕುಳ ಪುಸ್ತಕ ತೆಗೆದಳು. ಕೊನೆಯ ಬೀದಿದೀಪದ ಕೆಳಗೆ ನಿಂತು ಪುಟ ಹಿಂದೆ ಹಿಂದೆ ತಿರುವಿದಳು. ಪ್ರತಿ ಸೆಪ್ಟೆಂಬರಿಗೂ ಒಂದು ಪುಟ, ಅದೇ ದುಂಡು ಅಕ್ಷರ, ಪರ ಒಂದು, ವಿರೋಧ ಇಲ್ಲ. ಏಳನ್ನೂ ಓದಿ ಹೇಳಿದಳು. ಕೊನೆಕೊನೆಗೆ ಅವಳ ದನಿ ಸಣ್ಣದಾಯಿತು.

"ದಿನಾ ಅಂಗಡಿಗೆ ಬರ್ತಿದ್ರಲ್ಲ," ಅಂದಳು ಸಲೋಮೆಯಾ. "ಬ್ರೆಡ್ಡು ಕೊಡಿ ಅಂತಿದ್ರಿ, ಇದನ್ನ ಹೇಳೋಕೆ ಏನಾಗಿತ್ತು?"

"ಸಭೆಯ ವಿಷಯ ಅಂಗಡೀಲಿ ಮಾತಾಡೋದು ಕ್ರಮ ಅಲ್ಲ," ಅಂದ ತೆಯೋಫಿಲ್.

ಓತಿಲಿಯಾ ಮನೆಯತ್ತ ಹೆಜ್ಜೆ ಹಾಕಿದಳು. ದೀಪಗಳು ಅವಳ ಹಿಂದೆ ಬಂದವು. ಬೋರ್ಡು ದಾಟಿ ಆ ದಾರಿಯಲ್ಲಿ ಊರಿನ ಎಷ್ಟೋ ಜನ ಹಿಂದೆಂದೂ ನಡೆದಿರಲಿಲ್ಲ. ನೂರು ಹೆಜ್ಜೆಗೆ ಒಂದು ಮುರುಕು ಕುರ್ಚಿ ಇತ್ತು, ಓತಿಲಿಯಾ ಅದರ ಮೇಲೆ ಕೂತು ಉಸಿರು ತಿರುಗುವವರೆಗೆ ಕಾದಳು. ಇನ್ನೊಂದು ನೂರಕ್ಕೆ ಹಾಲು ಕರೆಯುವ ಸ್ಟೂಲು. ಮತ್ತೊಂದು ನೂರಕ್ಕೆ ರೈಲುಹಳಿಯ ಕೆಳಗಿನ ಮರದ ದಿಮ್ಮಿಯ ತುಂಡು, ಮೇಲೆ ಹಳೆಯ ಕಂಬಳಿಗೆ ಮೊಳೆ ಹೊಡೆದು ಮೆತ್ತಗೆ ಮಾಡಿದ್ದು. ಪ್ರತಿ ಸಲ ಅವಳು ಕೂತಾಗ ನಲವತ್ತು ಮಂದಿಯೂ ನಿಂತರು. ಕ್ಸವೇರಿ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನಿಗೆ ಹೆಣ್ಣುಕಪ್ಪೆಯ ನೆನಪಾಗಿ ನಾಚಿಕೆಯಾಗುತ್ತಿತ್ತು.

ಮನೆಯ ಅಂಗಳದಲ್ಲಿ, ಇಲ್ಲೇ ಈಗಲೇ ವೋಟು ಹಾಕೋಣ ಎಂದು ಎಲ್ಲರೂ ಅಂದರು. ಇರ್ಮಿನಾ ತಲೆ ಅಲ್ಲಾಡಿಸಿದಳು. "ಆಗಲ್ಲ. ಊರ ಸಭೆ ಊರೊಳಗೆ ನಡೀಬೇಕು. ಇದು ಊರಲ್ಲ."

"ಹಾಗಾದ್ರೆ ಊರನ್ನೇ ಇಲ್ಲಿಗೆ ತರ್ತೀನಿ," ಎಂದು ಕ್ಸವೇರಿ ಹೊರಟ. ಕಾಲು ಗಂಟೆಯಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿತು. ಬೋರ್ಡು, ಅದರ ಕಂಬ, ಕಂಬದ ಬುಡದ ಕಾಂಕ್ರೀಟು ಸಮೇತ ಹಿಂದಿನ ಟ್ರೇಲರಿನಲ್ಲಿ ಮಲಗಿ ಬಂತು. ಇದು ಗ್ಮೀನಾದ ಸ್ವತ್ತು, ಅರ್ಜಿ ಬೇಕು, ನಕ್ಷೆ ಬೇಕು, ಎರಡು ವರ್ಷ ಬೇಕು ಎಂದು ಇರ್ಮಿನಾ ಹೇಳುತ್ತಲೇ ಇದ್ದಳು. ಹೇಳುತ್ತಲೇ, ಗಂಡಸರು ಕಂಬಕ್ಕೆಂದು ತೋಡುತ್ತಿದ್ದ ಗುಂಡಿಗೆ ದೀಪ ಹಿಡಿದಳು. ಮನೆಯ ಆಚೆ, ಎಲೆಕೋಸಿನ ಪಾತಿಯೂ ದಾಟಿ, ಬೋರ್ಡು ನಿಂತಿತು. ಆಮೇಲೆ ಸಭೆ ಕ್ರಮಬದ್ಧವಾಯಿತು. ಬೋರ್ಡನ್ನು ಈಗಿರುವ ಜಾಗಕ್ಕೆ ಸರಿಸಬೇಕೆಂಬ ಮನವಿಗೆ ಪರ ನಲವತ್ತೊಂದು, ವಿರೋಧ ಇಲ್ಲ. ಒಬ್ಬರು ತಟಸ್ಥ. ಸಭೆಯ ಹೊತ್ತು ಸುಳ್ಳು ಗಡಿಯಾರದ್ದು, ತಾನು ಕೈ ಎತ್ತಲಾರೆ ಎಂದು ತೆಯೋಫಿಲ್ ಕೂತೇ ಇದ್ದ. ಹೆಂಡತಿ ತಿವಿದರೂ ಎತ್ತಲಿಲ್ಲ.

ಎರಡು ದಿನ ಬಿಟ್ಟು ಬೆಳಿಗ್ಗೆ ವ್ಯಾನು ಬಂತು. ಡ್ರೈವರ್ ಬೋರ್ಡು ಹುಡುಕಿಕೊಂಡು ನಿಧಾನಕ್ಕೆ ಬರುತ್ತಾ ಬರುತ್ತಾ ಇವರ ಮನೆಯ ಗೇಟಿನ ಮುಂದೆಯೇ ನಿಂತ, ಅವನ ಕಾಗದಕ್ಕೂ ಸಮಾಧಾನವಾಯಿತು. ಓತಿಲಿಯಾ ಮನೆಯ ಚಪ್ಪಲಿಯಲ್ಲೇ ಹೊರಗೆ ಬಂದಳು. ಆರು ಹೆಜ್ಜೆ. ವ್ಯಾನಿನಲ್ಲಿ ಕೂತು, ಬಾಗಿಲು ಹಾಕಲು ಬಿಡದೆ, ಗಂಡನನ್ನು ಬಹಳ ಹೊತ್ತು ನೋಡಿದಳು.

"ಏಳು ವರ್ಷ," ಅಂದಳು. "ಒಂದು ಮಾತು ಬಾಯಿಬಿಟ್ಟು ಹೇಳಿದ್ರೆ ಆಗ್ತಿತ್ತು."

ತೆಯೋಫಿಲ್ ಅವಳ ಕಾಲಿನ ಮೇಲೆ ಕಂಬಳಿ ಹೊದಿಸಿದ.

"ನಾನು ನಿಜವಾಗಿ ಸತ್ತಾಗಲಾದರೂ ಹೇಳ್ತೀಯಾ? ಪುಸ್ತಕಕ್ಕಲ್ಲ. ಜನಕ್ಕೆ."

"ಹೇಳ್ತೀನಿ," ಅಂದ ತೆಯೋಫಿಲ್, ಡ್ರೈವರನಿಗೂ ಕೇಳುವಷ್ಟು ಗಟ್ಟಿಯಾಗಿ. ಆಮೇಲೆ ತನ್ನ ಕೈಯಿಂದಲೇ ಬಾಗಿಲು ಹಾಕಿದ.