ಹೊಲಿಗೆ ಮಾಯುವವರೆಗೆ

ಅರವತ್ತರ ಅಂಚಿಗೆ ಬಂದ ಮೇಲೆ ನನಗೆ ಉಸಿರಾಡಲು ಬರುವುದಿಲ್ಲವೆಂದು ತಿಳಿಯಿತು. ಪಾಂಡವಪುರದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿಯೇ ಕೂದಲು ನರೆಸಿಕೊಂಡವನು ನಾನು. ಅದೆಲ್ಲ ಉಸಿರಿಲ್ಲದೆ ನಡೆಯಿತೆಂದು ಹೇಳಲಾರೆ. ಆದರೂ ಹರ್ನಿಯಾ ಆಪರೇಷನ್ನಿನ ಮರುದಿನ ನರ್ಸಮ್ಮ ನನ್ನ ಕೈಯನ್ನು ನನ್ನ ಹೊಟ್ಟೆಯ ಮೇಲಿಟ್ಟು, "ಎದೆಯಲ್ಲ ಮೇಷ್ಟ್ರೇ, ಹೊಟ್ಟೆ ಉಬ್ಬಬೇಕು. ಮೂಗಲ್ಲಿ ಎಳ್ಕೊಳಿ, ಬಿಸಿ ಕಾಫಿ ಆರಿಸೋ ಹಂಗೆ ಬಾಯಲ್ಲಿ ಬಿಡಿ" ಎಂದಾಗ ಮತ್ತೆ ಒಂದನೇ ತರಗತಿಯಲ್ಲಿ ಕೂತಂತಾಯಿತು. ನೋವಿಗೆ ಹೆದರಿ ಮೇಲೆಮೇಲೆ ಉಸಿರಾಡಿದರೆ ಎದೆಯಲ್ಲಿ ಕಫ ಕಟ್ಟುತ್ತದಂತೆ. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಬೇಕಂತೆ.

ಮನೆಗೆ ಬಂದ ಮೇಲೆ ನನ್ನ ಹೆಂಡತಿ ಜಯಮ್ಮನೇ ಪರೀಕ್ಷಕಳಾದಳು. ಬಿಂಡಿಗನವಿಲೆಯಿಂದ ನಿಂಗೇಗೌಡ ನೋಡಲು ಬಂದ. ನಾಗಮಂಗಲದ ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯ. ಈಗ ಕುರಿ ಸಾಕಿಕೊಂಡಿದ್ದ. ನನ್ನ ಅಭ್ಯಾಸ ನೋಡಿ, "ಉಸ್ರಾಡೋಕೂ ಟ್ಯೂಷನ್ ಏನ್ಲಾ ನಿಂಗೆ?" ಎಂದ. ನಕ್ಕದ್ದಕ್ಕೆ ಹೊಲಿಗೆ ಎಳೆದು ನೋವಿಗೆ ನನ್ನ ಕಣ್ಣಲ್ಲಿ ನೀರು ಬಂತು. ಜಯಮ್ಮ ಅವನನ್ನು ಜಗಲಿಗೆ ಅಟ್ಟಿದಳು. ಅವನು ಅಲ್ಲಿಂದಲೇ ಕಿಟಕಿಗೆ ಮುಖ ಒಡ್ಡಿ ಕೆನ್ನೆ ಉಬ್ಬಿಸಿದ.

ಕೆಲವು ದಿನ ಕಳೆದ ಮೇಲೆ ಜಯಮ್ಮ, ತಂಗಿಗೆ ಹುಷಾರಿಲ್ಲವೆಂದು ನನ್ನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ನಾಗಮಂಗಲಕ್ಕೆ ಹೋದಳು. ಸಂಜೆ ತಲೆಗೂದಲು ಒದ್ದೆಯಾಗಿಯೇ ಬಂದಳು. ಆಮೇಲೆ ಕಣ್ಣಿಗೆ ಆಯಾಸವಾಗುತ್ತದೆಂದು ನನ್ನ ಫೋನನ್ನೂ ಎತ್ತಿಟ್ಟಳು. ನಿಂಗ ಯಾಕೆ ಮತ್ತೆ ಬರಲಿಲ್ಲವೆಂದು ಕೇಳಿದರೆ, "ಕುರಿ ಇಂದೆ ಓಗಿರ್ತಾರೆ ಬುಡಿ" ಅನ್ನುತ್ತಿದ್ದಳು.

ಹಳಗನ್ನಡದಲ್ಲಿ ಉಸಿರುವುದೆಂದರೆ ಹೇಳುವುದು ಎಂದೂ ಅರ್ಥ. ಈಗಲೂ ಗುಟ್ಟು ಕಾಯುವವರಿಗೆ 'ಉಸಿರು ಬಿಡಬೇಡ' ಅನ್ನುತ್ತೇವೆ. ನಾನು ಶ್ರದ್ಧೆಯಿಂದ ಉಸಿರು ಬಿಡುತ್ತಿದ್ದಷ್ಟು ದಿನವೂ ಅವಳು ನನ್ನ ಪಕ್ಕದಲ್ಲೇ ಉಸಿರು ಬಿಡದೆ ಕೂತಿದ್ದಳು.

ಗಾಯ ಮಾಯಿತೆಂದು ಡಾಕ್ಟರು ಹೇಳಿದ ದಿನ, ಮನೆಗೆ ಬಂದು ನನ್ನನ್ನು ಮಂಚದ ಮೇಲೆ ಕೂರಿಸಿದಳು. "ನಿಂಗಣ್ಣ ಓಗ್ಬುಟ್ರು ಕಣ್ರೀ. ಎದೆನೋವು ಅಂದ್ರಂತೆ. ಕಾರು ಆಸ್ಪತ್ರೆ ಮುಟ್ಲಿಲ್ಲ. ಅವತ್ತು ನಾನು ಓಗಿದ್ದು ಮಣ್ಣಿಗೇಯ."

"ನನ್ನ ಗೆಳೆಯನಿಗೆ ಒಂದು ಹಿಡಿ ಮಣ್ಣು ಹಾಕೋಕೂ ಬಿಡಲಿಲ್ಲವಲ್ಲೇ!" ಎಂದು ಕೂಗಿದೆ. ದಿಂಬನ್ನು ಹೊಟ್ಟೆಗೆ ಅವಚಿಕೊಂಡು ಅತ್ತೆ. ಅವಳೊಂದಿಗೆ ಮಾತು ಬಿಟ್ಟೆ.

ಬಸ್ಸು ಹತ್ತುವಷ್ಟು ತ್ರಾಣ ಬಂದಾಗ ಇಬ್ಬರೂ ಬಿಂಡಿಗನವಿಲೆಗೆ ಹೋದೆವು. ನಿಂಗನ ಹೆಂಡತಿ ಪುಟ್ಟತಾಯಿ ನನ್ನ ಮುಖಕ್ಕಿಂತ ಮೊದಲು ಹೊಟ್ಟೆ ನೋಡಿದಳು. "ವಾಸಿ ಆಯ್ತಾ ಅಣ್ಣ?" ಎಂದಳು. ನಾವಿಬ್ಬರೂ ದೂರದೂರ ಕೂತದ್ದನ್ನು ಕಂಡು ಅವಳಿಗೆ ಅರ್ಥವಾಗಿರಬೇಕು. "ಅಕ್ಕನ್ನ ಬಯ್ಬ್ಯಾಡಿ. ಏಳ್ಬ್ಯಾಡ ಅಂದೋಳು ನಾನೇ. ಅವ್ರ ತಲೆದೆಸೇಲಿ ಕುಂತಿದ್ದೆ. ಅಕ್ಕ ಬಂದೇಟ್ಗೆ ಅದೇ ಅಂದೆ: ಅಣ್ಣ ಅತ್ರೆ ಒಲ್ಗೆ ಕಿತ್ತೋಯ್ತದೆ, ಮಾಯ್ಲಿ, ಆಮ್ಯಾಕೆ ಏಳು ಅಂತ."

ಗಂಡನ ಹೆಣದ ಮುಂದೆ ಕೂತು ಆಕೆ ನನ್ನ ಹೊಲಿಗೆಯನ್ನು ನೆನೆದಿದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟನ್ನು ಜಯಮ್ಮನಿಗೆ ಬಿಟ್ಟುಕೊಟ್ಟೆ. ತಪ್ಪಾಯಿತು ಅನ್ನುವ ವಿದ್ಯೆ ನನಗೆ ಅಷ್ಟಾಗಿ ಬಾರದು. ಗಂಡಸರು ಸೀಟು ಬಿಟ್ಟುಕೊಟ್ಟು ಅದನ್ನು ಮುಗಿಸಿಕೊಳ್ಳುತ್ತೇವೆ. ಅವಳು ಸೆರಗು ಸರಿಮಾಡಿಕೊಂಡು ಕೂತಳು. ನಾಗಮಂಗಲ ದಾಟಿದ ಮೇಲೆ, ಹೊರಗೆ ನೋಡುತ್ತ, ನನ್ನೆದುರು ಮೊದಲ ಸಲ ಅವಳು ನಿಂಗಣ್ಣನಿಗಾಗಿ ಅತ್ತಳು.