ಪೂಜೆಯಾದ ಮಾನಿಟರ್

ಮರೆತು ಸುಮ್ಮನಾಗುವವಳಲ್ಲ ನಾನು. ಭಾವ, ಅಂದರೆ ನನ್ನ ಗಂಡನ ಅಣ್ಣ, ನನ್ನ ಮೊದಲ ದೊಡ್ಡ ಕೆಲಸವನ್ನು ಮಣ್ಣುಪಾಲು ಮಾಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಉಡುಪಿ ಕಡೆಯಿಂದ ಬಂದು ನಾಸಿಕದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಮನೆ ನಮ್ಮದು. ನಾನು ಮಾತ್ರ ಅಡುಗೆ ಮುಗಿಸಿ ಕಂಪ್ಯೂಟರಿನಲ್ಲಿ ಫೋಟೋ ತಿದ್ದುತ್ತಿದ್ದೆ. ಛತ್ರಪತಿ ಸಂಭಾಜಿನಗರದ ಪೈಠಣಿ ಸೀರೆಯ ವ್ಯಾಪಾರಿಯೊಬ್ಬರು ತಮ್ಮ ಕ್ಯಾಟಲಾಗಿನ ಕೆಲಸ ಕೊಡಲು ಒಪ್ಪಿದ್ದರು. ಷರತ್ತು ಒಂದೇ: ಜರಿಯ ಎಳೆ ಎಳೆಯೂ ಕಾಣುವ ಸ್ಕ್ರೀನ್ ಬೇಕು. ಅಂಗಡಿಯಲ್ಲಿ ಅಂಥದ್ದರ ಬೆಲೆ ಕೇಳಿಯೇ ತಲೆ ತಿರುಗಿತು. ವಾರಗಟ್ಟಲೆ ರಿವ್ಯೂ ಓದಿ, ಕೊರಿಯಾದ ಅಗ್ಗದ ಇಪ್ಪತ್ತೇಳು ಇಂಚಿನ ಮಾನಿಟರ್ ಒಂದನ್ನು ಆನ್‌ಲೈನಿನಲ್ಲಿ ತರಿಸಿದೆ. ಕಂಪನಿಯ ಹೆಸರು ಯಾರೂ ಕೇಳಿದ್ದಲ್ಲ, ಒಳಗಿನ ಪ್ಯಾನೆಲ್ ಮಾತ್ರ ದುಬಾರಿಯವುಗಳದ್ದೇ. ದೋಷವಿದ್ದರೆ ವಾರದೊಳಗೆ ವಾಪಸ್ ಕೊಡಬಹುದಿತ್ತು, ಬಳಸಿದ ಗುರುತು ಇರಬಾರದು ಅಷ್ಟೆ.

ನಮ್ಮಲ್ಲಿ ಗ್ರೈಂಡರ್ ಬರಲಿ, ಫ್ರಿಜ್ ಬರಲಿ, ಪೂಜೆಯಾಗದೆ ಸ್ವಿಚ್ ಒತ್ತುವಂತಿಲ್ಲ. ಮಾನಿಟರನ್ನು ನಡುಮನೆಯ ಮೇಜಿನ ಮೇಲಿಟ್ಟು, ಒಗ್ಗರಣೆ ಇಳಿಸಿ ಬರುವುದರೊಳಗೆ ಭಾವ ಸ್ಕ್ರೀನಿನ ನಟ್ಟನಡುವೆ ಒದ್ದೆ ಗಂಧ, ಕುಂಕುಮ ಹಚ್ಚಿ, ಎದುರಿಗೇ ತೆಂಗಿನಕಾಯಿ ಒಡೆದಿದ್ದರು. ನೀರು ಚಿಮ್ಮಿ ಕೆಳಗಿನ ಅಂಚಿನೊಳಗೆ ಇಳಿದಿತ್ತು. ಸ್ವಿಚ್ ಹಾಕಿದರೆ ಕೆಳಗಿನ ಕಾಲು ಭಾಗ ಕಪ್ಪು. ವಾಪಸ್ ಒಯ್ಯಲು ಬಂದವನು ಕುಂಕುಮದ ಕಲೆ ನೋಡಿ, "ಪೂಜಾ ಝಾಲೀ ನಾ ತಾಈ, ಆತಾ ಪರತ್ ನಾಹೀ" ಎಂದ. ಪೂಜೆಯಾದ ಮೇಲೆ ವಾಪಸ್ ಇಲ್ಲವಂತೆ.

ಭಾವನಿಗೆ ಬೇಸರವೂ ಆಗಲಿಲ್ಲ. "ಅಗ್ಗದ ಮಾಲು ಅಲ್ವಾ ಮಾರಾಯ್ತಿ, ಹೋಗ್ಲಿ ಬಿಡು. ನಿನಗೆ ಇಷ್ಟು ದೊಡ್ಡ ಟಿವಿ ಎಂತಕ್ಕೆ?"

ಊಟಕ್ಕೆ ಕೂತವರೆಲ್ಲ ನಕ್ಕರು, ನನ್ನ ಗಂಡನೂ ಸೇರಿ. ಸೀರೆಯ ಕೆಲಸ ಬೇರೆಯವರ ಪಾಲಾಯಿತು.

ವರ್ಷವಾದ ಮೇಲೆ ಅಂಥದ್ದೇ ಇನ್ನೊಂದನ್ನು ಗೆಳತಿಯ ವಿಳಾಸಕ್ಕೆ ತರಿಸಿದೆ. ತಮ್ಮನ ಹೆಂಡತಿಯ ಕೋಣೆಗೆ ಭಾವ ಕಾಲಿಡುವ ಪದ್ಧತಿ ನಮ್ಮಲ್ಲಿಲ್ಲ. ಗಂಡನಿಗೆ ಬಾಯಿ ಬಿಡಬೇಡಿ ಎಂದೆ. ಹಾಗಾಗಿ ಹಾಳಾದದ್ದರಲ್ಲೇ ನಾನು ಒದ್ದಾಡುತ್ತಿದ್ದೇನೆ ಎಂದು ಭಾವ ನಂಬಿಕೊಂಡಿದ್ದರು.

ಆಮೇಲೆ ಅವರು ಸಂಭಾಜಿನಗರದಲ್ಲಿ ಎರಡನೆಯ ಹೋಟೆಲು ತೆರೆಯಲು ಹೊರಟರು. ಬಾಗಿಲ ಮೇಲೆ ದೊಡ್ಡ ಬ್ಯಾನರ್ ಬೇಕಿತ್ತು. ಅವರೇ ಸಾಂಬಾರಿನ ಬಟ್ಟಲು ಮುಂದೆ ಚಾಚಿ ನಗುವ ಚಿತ್ರ. "ಮನೆಯಲ್ಲೇ ನೀನಿದ್ದೀಯಲ್ಲ, ಹೊರಗೆ ಎಂತಕ್ಕೆ ಕೊಡುದು?" ಎಂದು ಫೋಟೋ ನನಗೇ ಕೊಟ್ಟರು.

ಹೊಸ ಸ್ಕ್ರೀನಿನಲ್ಲಿ ತೆರೆದೆ. ಚಿತ್ರದ ಕೆಳತುದಿಯಲ್ಲಿ ಅವರ ಹೆಬ್ಬೆರಳು ಸಾಂಬಾರಿನೊಳಗೆ ಅದ್ದಿಕೊಂಡಿತ್ತು, ಉಗುರಿನ ತುಂಬ ಕಪ್ಪು ಕೊಳೆ. ತಿದ್ದಲು ಎರಡು ನಿಮಿಷ ಸಾಕಿತ್ತು. ನಾನು ಕೆನ್ನೆಯ ಸುಕ್ಕು ತೆಗೆದೆ, ಹಲ್ಲು ಬೆಳ್ಳಗೆ ಮಾಡಿದೆ, ಬೆರಳಿನ ಗೊಡವೆಗೆ ಹೋಗಲಿಲ್ಲ. ಅವರು ಮೊಬೈಲಿನಲ್ಲಿ ತಮ್ಮ ಮುಖವಷ್ಟೇ ನೋಡಿ "ಫಸ್ಟ್ ಕ್ಲಾಸ್" ಎಂದರು.

ಉದ್ಘಾಟನೆಯ ಬೆಳಿಗ್ಗೆ ಆ ಬೆರಳು ನನ್ನ ತೋಳಿನಷ್ಟು ಉದ್ದವಾಗಿ ಬಾಗಿಲ ಮೇಲೆ ತೂಗುತ್ತಿತ್ತು. ಬಂದವರು ಫೋಟೋ ತೆಗೆದುಕೊಂಡು ನಗುತ್ತಿದ್ದರು. ನನಗೆ ಒಂದಿಷ್ಟೂ ಪಾಪ ಅನ್ನಿಸಲಿಲ್ಲ. ಭಾವ ಮುಖ ಕೆಂಪು ಮಾಡಿಕೊಂಡು ಬಂದರು.

"ನಿನಗೆ ಕಾಣಲಿಲ್ವಾ?"

"ನೀವು ಪೂಜೆ ಮಾಡಿಕೊಟ್ಟ ಸ್ಕ್ರೀನ್ ಅಲ್ವಾ ಭಾವ," ಎಂದೆ. "ಅದರಲ್ಲಿ ಕೆಳಗಿನದು ಎಂತದೂ ಕಾಣುದಿಲ್ಲ."